ಹಿಮ್ಮಡಿ ಇಲ್ಲದ ಪುಸ್ತಕ

ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಮೇಲೂ ಅವರಿಗೆ ಸಿಸ್ಟರ್ ಎಂಬ ಹೆಸರು ತಪ್ಪಲಿಲ್ಲ. ಬೀದಿಗೆಲ್ಲ ಸಿಸ್ಟರ್, ತರಕಾರಿಯವನಿಗೂ ಸಿಸ್ಟರ್. ಕಟ್ಟಿಕೊಂಡ ಗಂಡ ಕೂಡ ಜಗಳವಾದ ದಿನ ‘ಆಯ್ತು ಸಿಸ್ಟರ್’ ಎಂದು ಕೈಮುಗಿಯುತ್ತಿದ್ದರು. ಈ ಗಂಡ ಕಾರು ಓಡಿಸಲು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕ ಕೂತೂ ಕೂತೂ, ಮನೆಯಲ್ಲಿ ಸಿಟ್ಟು ಬಂದರೂ ಕಾಲಲ್ಲಿ ಇಲ್ಲದ ಬ್ರೇಕು ಒತ್ತುವ ಅಭ್ಯಾಸವಾಗಿಬಿಟ್ಟಿತ್ತು.

ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಎಂದು ಸಿಸ್ಟರ್ ಒಂದು ಪುಸ್ತಕ ಬರೆದಿದ್ದರು. ಊಟದ ಮೇಜಿನ ತುದಿಯಲ್ಲಿ ಕೂತು ಎರಡು ವರ್ಷ ತಿದ್ದಿ ತೀಡಿದ್ದು. ಮೊದಲ ಮುದ್ರಣದ ಪ್ರತಿಗಳು ಮುಗಿಯುತ್ತಾ ಬಂದಿದ್ದವು. ಅಷ್ಟರಲ್ಲಿ ಯಾರ ಕಣ್ಣು ಬಿತ್ತೋ, ಪುಸ್ತಕ ಮಾರುವ ಜಾಲತಾಣದಲ್ಲಿ ಒಂದೇ ವಾರಕ್ಕೆ ಇಪ್ಪತ್ತಮೂರು ಜನ ಒಂದೊಂದೇ ನಕ್ಷತ್ರ ಕೊಟ್ಟು ಉಗಿದರು.

‘ಪುಸ್ತಕದ ಮೂಲೆ ನೆಂದಿತ್ತು’ ಎಂದು ಒಬ್ಬರು. ‘ಡಾಕ್ಟರಲ್ಲದವರು ಬರೆದರೆ ಹೀಗೇ’ ಎಂದು ಇನ್ನೊಬ್ಬರು. ‘ನಾನು ಓದಿಲ್ಲ, ಓದುವಂಥದ್ದೂ ಏನಿಲ್ಲ’ ಎಂದ ಮಹಾನುಭಾವರೂ ಇದ್ದರು. ಹನ್ನೊಂದು ಜನ ಬರೆದದ್ದು ಒಂದೇ ಸಾಲು, ಒಂದಕ್ಷರ ಆಚೀಚೆ ಇಲ್ಲ: ‘ಇದನ್ನು ನಂಬಿ ನಿಮ್ಮವರ ಜೀವ ಕಳೆಯಬೇಡಿ.’ ಅದನ್ನು ಓದಿದ ದಿನ ಸಿಸ್ಟರಿಗೆ ಊಟ ಸೇರಲಿಲ್ಲ. ಅಳು ಬಂತು, ಅತ್ತದ್ದಕ್ಕೆ ತಮ್ಮ ಮೇಲೇ ಸಿಟ್ಟೂ ಬಂತು.

“ಮನೆಗಳಿಗೆ ಆಯಾಗಳನ್ನ ಕಳಿಸ್ತಾರಲ್ಲ, ಆ ಕಂಪನಿಯವರದ್ದೇ ಕೆಲಸ,” ಎಂದರು ಮೇಷ್ಟ್ರು. “ಮನೆಯವರೇ ಕಲಿತ್ಕೊಳ್ಳಿ ಅಂತ ನೀನು ಬರೆದ್ರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?”

ಶುಕ್ರವಾರ ಮಧ್ಯಾಹ್ನ ಪ್ರಕಾಶಕರ ಫೋನ್ ಬಂತು. “ದೂರು ಕೊಡೋಕೆ ಜಾಲತಾಣದವರು ಇವತ್ತು ಐದು ಗಂಟೆವರೆಗೆ ಮಾತ್ರ ಟೈಮ್ ಕೊಟ್ಟಿದಾರೆ, ಅಷ್ಟರೊಳಗೆ ಕಳಿಸಿಬಿಡಿ ಸಿಸ್ಟರ್. ಇಪ್ಪತ್ತಮೂರೂ ಒಟ್ಟಿಗೆ. ಬೇಕಂತಲೇ ಮಾಡಿದ್ದು ಅಂತ ಬರೆದ್ರೆ ಎಲ್ಲಾನೂ ತೆಗೀತಾರೆ. ಇವು ಹೀಗೇ ಇದ್ರೆ ಅಂಗಡಿಯವರು ಪುಸ್ತಕ ಮುಟ್ಟಲ್ಲ. ಎರಡನೇ ಮುದ್ರಣ ಮರೆತುಬಿಡಿ.”

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಒಂದೇ ಏಟಿಗೆ ಎಲ್ಲಕ್ಕೂ ಗುರುತು ಹಾಕಿ ಕಳಿಸೋಣ ಎಂದು ಮೇಷ್ಟ್ರ ಅವಸರ. ಓದದೆ ಸಹಿ ಹಾಕುವ ಜಾಯಮಾನ ಸಿಸ್ಟರದ್ದಲ್ಲ. ಒಂದೊಂದಾಗಿ ಓದಿದರು, ಓದಿದ್ದು ಒಂದೊಂದೂ ಮತ್ತೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಹತ್ತೊಂಬತ್ತನೆಯದಕ್ಕೆ ಬರುವಾಗ ನಾಲ್ಕೂವರೆ ದಾಟಿತ್ತು.

‘ಈ ಪುಸ್ತಕದಲ್ಲಿ ಹೇಳಿದಂತೆಯೇ ನಾಲ್ಕು ತಿಂಗಳು ಅಮ್ಮನನ್ನು ನೋಡಿಕೊಂಡೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ. ಬೆನ್ನಿಗೆ, ಸೊಂಟಕ್ಕೆ ಏನೂ ಆಗಲಿಲ್ಲ. ಹಿಮ್ಮಡಿ ಕಪ್ಪಾಯಿತು. ಇಡೀ ಪುಸ್ತಕದಲ್ಲಿ ಹಿಮ್ಮಡಿಯ ಮಾತೇ ಇಲ್ಲ. ದಂಡ.’

“ಇವನೂ ಅದೇ ಗುಂಪು. ಹಾಕು ಗುರುತು,” ಎಂದರು ಮೇಷ್ಟ್ರು, ತಾವೇ ಹಾಕಿಯೂ ಬಿಟ್ಟರು.

“ತಾಳ್ರೀ. ಹಿಮ್ಮಡಿ ಬರೀದೇ ಇರ್ತೀನಾ ನಾನು?”

ಸಿಸ್ಟರ್ ಪುಸ್ತಕ ತೆಗೆದು ಹಾಸಿಗೆ ಹುಣ್ಣಿನ ಅಧ್ಯಾಯಕ್ಕೆ ಬೆರಳಿಟ್ಟರು. ಬೆನ್ನು ಇತ್ತು, ಸೊಂಟ ಇತ್ತು, ಭುಜ, ಮೊಣಕೈ, ತಲೆಯ ಹಿಂಭಾಗ ಎಲ್ಲ ಇತ್ತು. ಮತ್ತೊಮ್ಮೆ ಸಾಲು ಸಾಲಾಗಿ ನೋಡಿದರು. ಹಿಮ್ಮಡಿ ಎಲ್ಲೂ ಇರಲಿಲ್ಲ.

“ಮಂಚದ ಮೇಲೆ ಮಲಗಿ.”

“ಈಗಲಾ? ಐದಕ್ಕೆ ಇನ್ನು ಇಪ್ಪತ್ತು ನಿಮಿಷ ಇದೆ ಮಾರಾಯ್ತಿ!”

“ಮಲಗಿ ಅಂದೆ.”

ಅದು ವಾರ್ಡಿನ ದನಿ. ಮೇಷ್ಟ್ರು ತೆಪ್ಪಗೆ ಮಲಗಿದರು. ಸಿಸ್ಟರ್ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು ಗಟ್ಟಿಯಾಗಿ ಓದುತ್ತಾ, ಓದಿದಂತೆಯೇ ಮಾಡುತ್ತಾ ಹೋದರು. ಮೊಣಕಾಲು ಮಡಿಸಿ. ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ. ಎಳೆಯದೆ ಹೊರಳಿಸಿ. ಬೆನ್ನಿಗೆ ದಿಂಬು ಕೊಡಿ. ಅಲ್ಲಿಗೆ ಪುಟ ಮುಗಿಯಿತು. ಅವರ ಕೈ ಮಾತ್ರ ನಿಲ್ಲಲಿಲ್ಲ. ಮಂಚದ ತುದಿಯಲ್ಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಮೇಷ್ಟ್ರ ಮೀನಖಂಡದ ಕೆಳಗೆ ತೂರಿಸಿ, ಹಿಮ್ಮಡಿ ಹಾಸಿಗೆಗೆ ತಾಗುತ್ತಿಲ್ಲವೆಂದು ಅಂಗೈ ಆಡಿಸಿ ನೋಡಿತು.

“ಕಾಲಡಿ ಇದೇನಿದು? ಇದನ್ನ ನೀನು ಓದಲೇ ಇಲ್ವಲ್ಲ,” ಎಂದರು ಮೇಷ್ಟ್ರು.

ಸಿಸ್ಟರ್ ಮಂಚದ ಅಂಚಿಗೆ ಕೂತರು. ಯೋಚಿಸಿ ಮಾಡುವುದನ್ನೆಲ್ಲ ಅವರು ಬರೆದಿದ್ದರು. ಕೈ ತನ್ನಷ್ಟಕ್ಕೆ ಮಾಡುವುದು ನೆನಪಿಗೆ ಬಂದಿರಲೇ ಇಲ್ಲ. ಎಲ್ಲೋ ಒಬ್ಬ ತಾಯಿಯ ಕಾಲು ಅದಕ್ಕೆ ಬೆಲೆ ತೆತ್ತಿತ್ತು.

ಉಳಿದ ನಾಲ್ಕನ್ನೂ ಬೇಗ ಬೇಗ ಓದಿ ಮುಗಿಸಿ, ಪ್ರಕಾಶಕರಿಗೆ ಅವರೇ ಫೋನ್ ಮಾಡಿದರು. “ಇಪ್ಪತ್ತೆರಡಕ್ಕೆ ದೂರು ಕೊಡ್ತೀನಿ. ಒಂದು ನಿಜ.”

“ಒಂದನ್ನ ಒಪ್ಕೊಂಡ್ರೆ ಮಿಕ್ಕಿದ್ದೂ ನಿಜ ಅಂತಾರೆ. ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೋಬೇಡಿ ಸಿಸ್ಟರ್.”

“ಅವರು ಓದಿದಾರೆ. ಓದಿದ ಹಾಗೇ ಮಾಡಿದಾರೆ. ಅವರ ಬಾಯಿ ಮುಚ್ಚಿಸಲಾ?”

“ಹಾಗಾದ್ರೆ ಎರಡನೇ ಮುದ್ರಣದ ಮಾತು ಸದ್ಯಕ್ಕೆ ಬೇಡ,” ಎಂದು ಅವರು ಫೋನಿಟ್ಟರು.

ಎರಡು ವರ್ಷದ ಕೆಲಸ ಎರಡು ನಿಮಿಷದಲ್ಲಿ ನೀರುಪಾಲಾಗಿತ್ತು. ಮೇಷ್ಟ್ರ ಕಾಲು ನೆಲಕ್ಕೆ ಒಂದೆರಡು ಸಲ ಬ್ರೇಕು ಒತ್ತಿತು. ಆಮೇಲೆ ಅವರೇ ಬಗ್ಗಿ ಹತ್ತೊಂಬತ್ತನೆಯದರ ಗುರುತು ತೆಗೆದರು. ಐದಕ್ಕೆ ಎರಡು ನಿಮಿಷ ಇರುವಾಗ ದೂರು ಹೋಯಿತು.

ಉಳಿದ ಆ ಒಂದರ ಕೆಳಗೆ ಸಿಸ್ಟರ್ ತಮ್ಮ ಪೂರ್ತಿ ಹೆಸರು ಹಾಕಿ ಬರೆದರು: ‘ತಪ್ಪು ನನ್ನದು. ಮೀನಖಂಡದ ಕೆಳಗೆ ಮಡಿಸಿದ ಟವೆಲ್ ಇಡಿ, ಹಿಮ್ಮಡಿ ಎಲ್ಲಿಗೂ ತಾಗಬಾರದು. ಕಪ್ಪಾದ ಜಾಗ ಉಜ್ಜಬೇಡಿ, ಡಾಕ್ಟರಿಗೆ ತೋರಿಸಿ. ಅಮ್ಮ ಈಗ ಹೇಗಿದ್ದಾರೆ?’

ಅರ್ಧ ಗಂಟೆಯಲ್ಲಿ ಉತ್ತರ ಬಂತು. ‘ಡಾಕ್ಟರು ದಿನ ಬಿಟ್ಟು ದಿನ ಗಾಯ ಕಟ್ಟುತ್ತಿದ್ದಾರೆ. ಬೇರೆ ಪುಸ್ತಕ ಸಿಕ್ಕಿಲ್ಲ, ಈಗಲೂ ನಿಮ್ಮದನ್ನೇ ನೋಡಿ ಮಾಡುತ್ತಿದ್ದೇನೆ. ಇನ್ನೇನೇನು ಬರೆಯದೆ ಬಿಟ್ಟಿದ್ದೀರಿ?’

ಇಪ್ಪತ್ತಮೂರು ಬೈಗುಳದಲ್ಲಿ ಒಂದೂ ಸಿಸ್ಟರನ್ನು ಇಷ್ಟು ಹೆದರಿಸಿರಲಿಲ್ಲ.

“ಇನ್ನೊಂದು ಸಲ ಮಲಗಿ,” ಎಂದು ಮೇಷ್ಟ್ರ ಕೈಗೆ ನೋಟ್‌ಬುಕ್ಕು ಪೆನ್ನು ಕೊಟ್ಟರು. “ನಾನು ಬಾಯಿ ಬಿಡಲ್ಲ. ನನ್ನ ಕೈ ಏನು ಮಾಡುತ್ತೋ ಅದನ್ನ ಬರ್ಕೊಳ್ಳಿ.”

ಮೇಷ್ಟ್ರು ಎದೆಯ ಮೇಲೆ ನೋಟ್‌ಬುಕ್ಕಿಟ್ಟುಕೊಂಡು ಮಲಗಿದರು. ಸಿಸ್ಟರ್ ಮಂಚದ ಹತ್ತಿರ ಬಂದು, ಅವರನ್ನು ಮುಟ್ಟುವ ಮೊದಲು, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು.

“ನಿಲ್ಲು,” ಎಂದರು ಮೇಷ್ಟ್ರು. “ಇದೂ ಪುಸ್ತಕದಲ್ಲಿಲ್ಲ.”