ಎರಡು ಹಾಳೆ, ಒಂದು ನಾಯಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ದೇವರಾಣೆ, ಒಂದಕ್ಷರವನ್ನೂ ನಾನು ಸೇರಿಸಿಲ್ಲ. ಈಗಲೂ ಊಟದ ಹೊತ್ತಿಗೆ ಇದು ನೆನಪಾದರೆ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಕುಮಟಾದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಬೀದಿನಾಯಿಯ ವರ್ತನೆ ಅಳೆಯುವುದು ಕೊನೆಯ ಪ್ರಾಜೆಕ್ಟು. ನಮ್ಮ ಸರ್ ಕಲಿಸಿದ ಕ್ರಮ ಹೀಗೆ: ಇಬ್ಬರು ದೂರ ದೂರ ಕೂತು, ಮಾತಾಡದೆ, ಐದೈದು ನಿಮಿಷಕ್ಕೊಮ್ಮೆ ಒಂದೇ ನಾಯಿ ಏನು ಮಾಡುತ್ತಿದೆಯೆಂದು ಬರೆಯಬೇಕು. ಆಮೇಲೆ ಎರಡೂ ಹಾಳೆ ಒಂದಕ್ಕೊಂದು ಹೊಂದಬೇಕು. ಹೊಂದದೆ ನಮ್ಮದು ಒಮ್ಮೆ ವಾಪಸ್ಸು ಬಂದಿತ್ತು. ಇನ್ನೊಮ್ಮೆ ಬಂದರೆ ಒಂದು ವರ್ಷ ಮಣ್ಣುಪಾಲು.

ಜೊತೆಗಾರ್ತಿ ನಾಗವೇಣಿ, ಮೀನುಗಾರರ ಮನೆಯವಳು. ಹೊನ್ನಾವರದಲ್ಲಿ ಮೀನು ಒಣಗಿಸುವ ಬಯಲಿನಲ್ಲಿ ರಾತ್ರಿ ಎಂಟಕ್ಕೆ ಕೂತೆವು. ಅವಳು ಅಲ್ಲಿ ಎಳೆದಿಟ್ಟಿದ್ದ ದೋಣಿಯ ಆ ಕಡೆ, ನಾನು ಈ ಕಡೆ. ಕೊಳೆತ ಮೀನಿನ ನಾತ... ಥೂ! ಬೀದಿದೀಪದ ಕೆಳಗೆ ಮಲಗಿದ್ದ ನಾಯಿಯ ತೊಡೆಯಲ್ಲಿ ಹುಣ್ಣು, ಹುಣ್ಣಿನ ತುಂಬ ಹುಳ. ಅದನ್ನೇ ನೆಕ್ಕುತ್ತಿತ್ತು. ಚಪ್... ಚಪ್...

ವೇಲಿನಲ್ಲಿ ಮೂಗು ಮುಚ್ಚಿ ಬೆನ್ನು ತಿರುಗಿಸಿದೆ. ಕೊನೆಯ ನಾಲ್ಕು ಸಾಲು ಸುಳ್ಳೇ ಗೀಚಿದೆ: 'ಎದ್ದಿತು. ಕಾರಿತು, ವಾಂತಿಯಲ್ಲಿ ನೀಲಿ ಬಲೆಯ ತುಂಡು. ಕಾರಿದ್ದನ್ನು ತಿಂದಿತು. ನಮ್ಮ ಕಡೆ ಬಂದಿತು.' ನೀಲಿ ಬಲೆ ಯಾಕೆ ಬರೆದೆನೋ! ನಿಜವೆನಿಸಲಿ ಎಂದಿರಬೇಕು.

ಮುಗಿದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಟಾರ್ಚ್ ಬಿಟ್ಟೆವು. ನಾಗವೇಣಿಯ ಹಾಳೆಯಲ್ಲೂ ಅವೇ ನಾಲ್ಕು ಸಾಲು. ನೀಲಿ ಬಲೆಯ ತುಂಡೂ ಇತ್ತು.

"ಇದೆಲ್ಲ ನೀ ನೋಡಿದ್ಯನೇ?" ಪಿಸುಗುಟ್ಟಿದೆ.

"ಇಲ್ಲ ಮಾರಾಯ್ತಿ... ಮೀನಿನ ನಾತದಲ್ಲೇ ಬೆಳೆದವ್ಳು ನಾನು, ಆದ್ರೂ ಆ ಹುಳ ನೋಡೂಕೆ ಆಗ್ಲಿಲ್ಲ. ಕಣ್ಣು ಮುಚ್ಕಂಡು ಮನ್ಸಿಗೆ ಬಂದದ್ದು ಬರ್ದೆ. ನೀನು ಎಂತ ಮಾಡ್ದೆ?"

"ನಾನೂ ಅಷ್ಟೇ."

ಟಾರ್ಚನ್ನು ನಾಯಿಯ ಕಡೆ ತಿರುಗಿಸಿದೆವು. ಮಲಗಿದಲ್ಲೇ ಇತ್ತು. ಸುತ್ತಲ ಮರಳು ಒಣಗಿತ್ತು, ವಾಂತಿಯ ಸುಳಿವಿಲ್ಲ. ಆಗ... ಅದು ಎದ್ದಿತು. ಹೊಟ್ಟೆ ಎಳೆದೆಳೆದು ಗೊಳಕ್ಕನೆ ಕಾರಿತು. ಲೋಳೆಯ ನಡುವೆ ನೀಲಿ ಬಲೆಯ ತುಂಡು! ಮರುಕ್ಷಣ ಬಗ್ಗಿ ಎಲ್ಲವನ್ನೂ ಲೊಚಲೊಚನೆ ತಿನ್ನತೊಡಗಿತು.

"ನಡಿಯೇ, ಇನ್ನೊಂದ್ ಸಾಲು ಬಾಕಿ ಅದೆ!" ನಾಗವೇಣಿ ನನ್ನ ಕೈ ಹಿಡಿದೆಳೆದಳು. ಹೆದ್ದಾರಿ ಸಿಗುವವರೆಗೂ ತಿರುಗಿ ನೋಡದೆ ಓಡಿದೆವು.

ಹಾಳೆಗಳನ್ನು ಹಾಗೇ ಕೊಟ್ಟೆವು. "ಇಷ್ಟು ಚೆಂದ ಹೊಂದಿದ್ದು ನಾನು ಕಂಡದ್ದೇ ಇಲ್ಲ" ಎಂದರು ಸರ್. ಇಬ್ಬರೂ ಪಾಸಾದೆವು. ಆದರೆ ಆ ರೋಗಿಷ್ಠ ಮೂಕಪ್ರಾಣಿಗೆ ಅದರ ವಾಂತಿಯನ್ನೇ ತಿನ್ನಿಸಿದ್ದು ನಾವು ಬರೆದ ಸುಳ್ಳೇ ಇರಬಹುದೇ... ಥೂ, ನನ್ನ ಕೈ ಕಂಡರೆ ನನಗೇ ಹೇಸಿಗೆ.