ಬನಶಂಕರಿಗೆ ಹೋದ ಕುಕ್ಕರ್ ಮುಚ್ಚಳ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಮಾಮಾನ ದನಿ ಮಾಡಿ ಅವನ ಹೆಂಡತಿ, ನಮ್ಮ ಅತ್ತಿಯ ಫೋನಿಗೆ ಹಚ್ಚಿದವನು ನಾನು. ಮೊಬೈಲ್ ಅಂಗಡಿಯಲ್ಲಿ ಗಾಜು ಅಂಟಿಸಿ ಹೊಟ್ಟೆ ಹೊರೆಯುವ ನನಗೆ ದೇವರು ಕೊಟ್ಟ ಆಸ್ತಿಯೆಂದರೆ ಮಂದಿಯ ದನಿಗಳು. ಬಾಗಲಕೋಟೆಯ ನವನಗರದಲ್ಲಿ ನಾನು ಅಣಕಿಸದ ಮನುಷ್ಯರು ಕಡಿಮೆ. ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಮಾತ್ರ "ಯಾರಪಾ ನೀ?" ಎನ್ನುತ್ತಾರೆ.

ಮಾಮಾ ನನ್ನ ತಾಯಿಯ ಅಣ್ಣ, ನಿವೃತ್ತ ಬಸ್ ಡ್ರೈವರ್. ನಾನಿರುವುದು ಅವನ ಮನೆಯಲ್ಲೇ. ಬಾಡಿಗೆಯ ಬದಲು ಬೈಗುಳ ತಿನ್ನುತ್ತೇನೆ. ಬಾದಾಮಿ, ಹುನಗುಂದ, ಇಳಕಲ್ಲು ಅಂತ ಊರವರನ್ನೆಲ್ಲ ಹೊತ್ತು ತಿರುಗಿದ ಮಾಮಾ, ಹೆಂಡತಿಯನ್ನು ಒಂದು ದಿನ ಸುಮ್ಮನೆ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಅತ್ತಿ ಬಾದಾಮಿ ಪಕ್ಕದ ಬನಶಂಕರಿ ಗುಡಿಯ ಹೆಸರೆತ್ತಿದರೆ ಸಾಕು, "ಅಲ್ಲೇನ್ ನೋಡೂದೈತಿ? ನಾ ದಿನಾ ನೋಡೇನಿ" ಎನ್ನುತ್ತಿದ್ದ. ಅವನು ನೋಡಿದರೆ ಇಬ್ಬರೂ ನೋಡಿದ ಲೆಕ್ಕ.

ಆ ಮುಂಜಾನೆ ಮಾಮಾ ತನ್ನ ಫೋನನ್ನು ಹೊಸ ಗಾಜು ಹಾಕು ಅಂತ ನನ್ನ ಕೈಗೆ ಕೊಟ್ಟು ಕ್ಷೌರಕ್ಕೆ ಹೋದ. ಅತ್ತಿಯ ಫೋನಿನಲ್ಲಿ ಆ ನಂಬರು 'ಇವರು' ಅಂತ ಇದೆ. ಗಂಡನ ಹೆಸರು ಬಾಯಿಬಿಟ್ಟು ಹೇಳಲೊಲ್ಲೆ ಅಂದಿದ್ದಕ್ಕೆ ನಾನೇ ಹಾಗೆ ಬರೆದುಕೊಟ್ಟಿದ್ದೆ. ನನ್ನ ಕೈ ಸುಮ್ಮನಿರಲಿಲ್ಲ. ಫೋನ್ ಹಚ್ಚಿ, ಮಾಮಾನ ಹಾಗೆ ಮೊದಲು ಗಂಟಲು ಕೆರೆದುಕೊಂಡೆ. ಚಳಿಯಲ್ಲಿ ಡೀಸೆಲ್ ಇಂಜಿನ್ ಚಾಲೂ ಆದಂತೆ.

"ಏ, ಕೇಳ್ತೇನ? ಇವತ್ತ ಬನಶಂಕರಿಗೆ ಹೋಗೂಣು. ತಯಾರಾಗು."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಕಲಾವಿದನ ಸೊಕ್ಕು ನೋಡಿ, ಮೇಲೊಂದು ಸೇರಿಸಿದೆ: "ಮಲ್ಲಿಗಿ ಮುಡ್ಕೋ. ನಿನಗ ಚಂದ ಕಾಣ್ತೈತಿ."

ಆ ಕಡೆಯಿಂದ ಅತ್ತಿ ಮೆಲ್ಲಗೆ "ಹೂಂ ರೀ" ಅಂದು ಫೋನ್ ಇಟ್ಟಳು.

ಗಮ್ಮತ್ತು ನೋಡೋಣವೆಂದು ಅಂಗಡಿಯಿಂದ ಮನೆಗೆ ಓಡಿದೆ. ಅತ್ತಿ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ದಂಡೆ ಮುಡಿದು, ರೊಟ್ಟಿ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ನುಣ್ಣಗೆ ಬೋಳಿಸಿಕೊಂಡು ಬಂದ ಮಾಮಾನನ್ನು ಮೊದಲು ಹಿಡಿದವಳು ಪಕ್ಕದ ಮನೆಯ ಟೇಲರ್ ಚಾಚಿ.

"ಏನ್ರಿ ಅಣ್ಣಾರ, ಮಲ್ಲಿಗಿ ಮುಡ್ಕೋ ಅಂದ್ರಂತ! ಪಿಂಚಣಿ ಸುರು ಆದ ಮ್ಯಾಲ ಹರೇ ಬಂತೇನ್ರಿ?"

"ಯಾವಾಗ ಅಂದ್ನಿ..." ಅಂತ ಬಾಯಿ ತೆರೆದ ಮಾಮಾ ಅತ್ತಿಯನ್ನು ನೋಡಿ ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿದ. ಬಸ್ಸಿಗೆ ಅಡ್ಡ ಬಂದ ಟಂಟಂ ಆಟೊದವನನ್ನು ನೋಡುವ ನೋಟ.

ಆಗಲೇ 'ನಾನು ಮಾಡಿದ್ದು' ಅಂದಿದ್ದರೆ ನಾಲ್ಕು ಏಟಿನಲ್ಲಿ ಮುಗಿಯುತ್ತಿತ್ತು. ಆದರೆ ಅತ್ತಿಯ ಮುಖ ಹಾಗಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ನಿಜ ಹೊರಬಿದ್ದರೆ ಆ ಹೂವನ್ನು ಅವಳು ಇಡೀ ಓಣಿಯ ಎದುರು ತೆಗೆದಿಡಬೇಕಿತ್ತು.

"ಹೂಂ, ಅಂದಿದ್ನಿ" ಅಂದ ಮಾಮಾ. ಒಳಗೆ ಬಂದು ನನ್ನ ಕಿವಿ ಹಿಂಡಿದ. "ಮಂಗ್ಯಾನ ಮಗನ, ನೀನೂ ನಡಿ. ಮಲ್ಲಿಗಿ ಮಾತು ತಗದ್ಲಂದ್ರ ನಾ ಒಬ್ನ ಏನ್ ಮಾಡ್ಲಿ?" ಮಂಗ್ಯಾ ಅಂದದ್ದು ನಮ್ಮಪ್ಪನಿಗೆ ಎಂದು ನಾನು ತಕರಾರು ತೆಗೆಯಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಸಂಗಾತಿಗಳಿರುತ್ತಾರೆ. ಹೆಂಡತಿಯ ಜೊತೆ ಮೋಜಿಗೆ ಹೊರಟ ಅನ್ನಿಸಿಕೊಳ್ಳಬಾರದಲ್ಲ! ಮಾಮಾ ಅಡುಗೆಮನೆಯಿಂದ ಕುಕ್ಕರಿನ ಮುಚ್ಚಳ ಎತ್ತಿ ಬಗಲಲ್ಲಿ ಇಟ್ಟುಕೊಂಡ.

"ಎಲ್ಲಿಗಲೇ ಸವಾರಿ?" ಸ್ಟ್ಯಾಂಡಿನಲ್ಲಿ ಕೇಳಿದ ಒಬ್ಬ ಡ್ರೈವರ್.

"ಬಾದಾಮಿಗೆ. ಇದರ ರಬ್ಬರ್ ಹಾಕಸೂದೈತಿ."

"ಬಾಗಲಕೋಟ್ಯಾಗ ರಬ್ಬರ್ ಸಿಗೂದಿಲ್ಲೇನಲೇ?"

"ಅಲ್ಲಿದು ಭಾಳ ಬಾಳಿಕಿ ಬರ್ತೈತಿ."

ಅವನು ನೋಡುತ್ತಿದ್ದುದು ಮುಚ್ಚಳವನ್ನಲ್ಲ, ಮಲ್ಲಿಗೆಯನ್ನು.

ಬಸ್ಸಿನಲ್ಲಿ ಅತ್ತಿ ಮುಂದೆ ಹೆಂಗಸರ ಸೀಟಿನಲ್ಲಿ ರಾಣಿಯ ಹಾಗೆ ಪುಕ್ಕಟೆ ಕೂತಳು. ಹಿಂದೆ ಮಾಮಾ, ಅವನ ಪಕ್ಕ ನಾನು. ಊರು ದಾಟುವಷ್ಟರಲ್ಲಿ ಮಾಮಾನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯತೊಡಗಿತು. ತೊಡೆಯ ಮೇಲಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದಿದ್ದ; ತಿರುವು ಬಂದಾಗ ಅದೂ ತಿರುಗುತ್ತಿತ್ತು. "ಗೇರ್ ಇಳಸಲೇ, ಗೇರ್ ಇಳಸು" ಎಂದು ಮುಂದಿನ ಸೀಟಿನ ಬೆನ್ನಿಗೆ ಬೈಯುತ್ತಿದ್ದ. ಅತ್ತಿ ಹೊರಳಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಗಂಡ ಬಸ್ ಓಡಿಸಿದ್ದನ್ನು ನೋಡಿದ್ದು ಅದೇ ಮೊದಲಂತೆ.

ಬಾದಾಮಿಯಲ್ಲಿ ಮಾಮಾ ಖರೇನೇ ರಬ್ಬರ್ ಹಾಕಿಸಿದ. ಅತ್ತಿ ಹಸಿರು ಬಳೆ ಇಡಿಸಿಕೊಂಡು, ಚಹಾ ಸೋಸುವ ಜಾಳಿಗೆ ಕೊಂಡಳು. ಟಂಟಂ ಹತ್ತಿ ಬನಶಂಕರಿ ಮುಟ್ಟಿ, ಕೈಮುಗಿದು, ಹೊಂಡದ ಹತ್ತಿರ ಕೂತೆವು. ಬುಟ್ಟಿ ಹೊತ್ತ ಹೆಂಗಸು ರೊಟ್ಟಿ, ಪಲ್ಯ, ಗಟ್ಟಿ ಮೊಸರು ಇಳಿಸಿದ್ದೇ ತಡ, ಅತ್ತಿ ತನ್ನ ಗಂಟನ್ನು ನಮ್ಮ ಕಡೆ ತಳ್ಳಿದಳು.

"ಇದನ್ನ ನೀವಿಬ್ರೂ ತಿನ್ರಿ. ಲಗ್ನಾದಾಗಿಂದ ನಾ ಬಡದದ್ದ ತಿಂದೇನಿ. ಇವತ್ತ ಮಂದಿ ಬಡದ ರೊಟ್ಟಿ ತಿಂತೇನಿ."

ಮಾಮಾನಿಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು. ರೊಟ್ಟಿಯವಳಿಗೆ ಹೇಳುತ್ತಿದ್ದ: "ಮುಂಜಾನೆ ಎದ್ದಕೂಡ್ಲೆ ಅನಸ್ತು ನೋಡವಾ, ಇಕಿನ್ನ ಕರಕೊಂಡ ಬರ್ಬೇಕಂತ." ದನಿ ನನ್ನದು, ಬಿರುದು ಅವನದು.

ರೊಟ್ಟಿಯವಳು ಅತ್ತ ಹೋದ ಮೇಲೆ ಅತ್ತಿ ತುತ್ತು ಮುರಿಯುತ್ತ, ಮುಖ ಎತ್ತದೆ ಕೇಳಿದಳು: "ಮುಂಜಾನೆ ಫೋನ್‌ನ್ಯಾಗ ಏನೋ ಅಂದ್ರೆಲ್ಲ. ಇನ್ನೊಮ್ಮೆ ಅನ್ರಿ."

ಮಾಮಾ ಗಂಟಲು ಕೆರೆದುಕೊಂಡ. ಇಂಜಿನ್ ಹಿಡಿಯಲಿಲ್ಲ. ಮತ್ತೆ ಕೆರೆದ.

"ಬನಶಂಕರಿ... ಮಲ್ಲಿಗಿ... ಚಂದ" ಅಂದ. ಯಾರೋ ಕಂಡಕ್ಟರ್ ಊರುಗಳ ಹೆಸರು ಕೂಗಿದಂತಿತ್ತು.

"ಫೋನ್‌ನ್ಯಾಗ ಹಿಂಗ ಇರಲಿಲ್ಲ" ಅಂದಳು ಅತ್ತಿ.

ಮಾಮಾ ಹೊಂಡದ ನೀರು ನೋಡಿದ, ನನ್ನನ್ನು ನೋಡಿದ, ಕೊನೆಗೆ ಸೋತ. "ಅದು ನಾ ಅಲ್ಲ. ಈ ಮಂಗ್ಯಾ ನನ್ನ ದನಿ ಮಾಡ್ಯಾನ."

ಅತ್ತಿಯ ಕೈ ತುರುಬಿಗೆ ಹೋಯಿತು. ಹೂವು ಕಿತ್ತಳು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ತೆರೆದಾಗ, ಸಡಿಲಾಗಿದ್ದ ಪಿನ್ನನ್ನು ಒಳಗೆ ಒತ್ತುತ್ತಿದ್ದಳು. ಮೊಸರು ಸುರಿದುಕೊಂಡು, ಗಂಡನ ಕಡೆ ತಿರುಗಿ ಅಂದಳು:

"ಹಂಗಾರ ಇಳಕಲ್ಲಿಗೆ ಯಾವಾಗ ಹೋಗೂದು ಅಂತ ಅದನ್ನೂ ಇವನ ಹೇಳ್ಲಿ. ನೀವು ಸುಮ್ನ ಬಸ್ ಹತ್ರಿ, ಸಾಕು."