ಹಾರಲು ಬಾರದ ವೀರನ ವಿಮರ್ಶೆ

ಅರವತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ವಾರಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಒಮ್ಮೆ ಕುದ್ರೋಳಿಯ ಗುಜರಿ ಅಂಗಡಿಯಲ್ಲಿ, ಹಡಗಿನವರು ಬಿಟ್ಟುಹೋದ ಇಂಗ್ಲಿಷ್ ಕಾಮಿಕ್ಸ್ ಒಂದು ಸಿಕ್ಕಿತು. ಅದರಲ್ಲಿ ಆಕಾಶಕ್ಕೆ ಹಾರಿದ ಮಹಾವೀರ ಬಟ್ಟೆ ಒಣಹಾಕಿದ ಹಗ್ಗಕ್ಕೆ ಸಿಕ್ಕಿ ಬೀಳುತ್ತಾನೆ. ಅವನು ಹಿಡಿಯಹೊರಟ ಕಳ್ಳನೇ ಅವನನ್ನು ಎಬ್ಬಿಸಿ ಮೈಯ ಮಣ್ಣು ಕೊಡವುತ್ತಾನೆ. ಅಂಥ ವೀರರ ಅಸಲು ಕಥೆಗಳನ್ನು ನಾನು ಕಂಡೇ ಇರಲಿಲ್ಲ. ಇದು ಅವುಗಳ ಅಣಕವೆಂದು ಹೊಳೆಯಲೂ ಇಲ್ಲ. ಸಿಟ್ಟು ನೆತ್ತಿಗೇರಿ ಬರೆದೆ: ‘ಹಾರಲು ಬಾರದವನನ್ನು ನಾಯಕನಾಗಿಸಿದ್ದು ಲೇಖಕನ ಅಜ್ಞಾನ. ಇವನಿಂದ ಮಕ್ಕಳು ಕಲಿಯುವುದಾದರೂ ಏನು?’

ಓದಿದ ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಂತ ಬರೆದಿದ್ದೀರಿ ಮಾರಾಯ್ರೆ! ಏನೂ ಗೊತ್ತಿಲ್ಲದ ಪಂಡಿತನ ಹಾಗೆ ಬರೆಯಲಿಕ್ಕೆ ನಿಮ್ಮಿಂದ ಮಾತ್ರ ಆಗುವುದು.”

ನನ್ನ ಕಿವಿ ಬಿಸಿಯಾಯಿತು. ಆದರೂ ಅವರೊಂದಿಗೆ ನಾನೂ ನಕ್ಕೆ. ಆ ವಿಮರ್ಶೆ ಹಾಸ್ಯಬರಹವೆಂದೇ ಅಚ್ಚಾಯಿತು. ಮುಂದಿನ ವಾರದಿಂದ ಪತ್ರಿಕೆಯ ಹಾಸ್ಯದ ಅಂಕಣ ನನ್ನದಾಯಿತು.

ಈಗಲೂ ಸಭೆಗಳಲ್ಲಿ ಹಾಸ್ಯಸಾಹಿತಿಯೆಂದು ನನಗೆ ಹಾರ ಹಾಕುತ್ತಾರೆ. ಎಲ್ಲರಿಗೂ ನೆನಪಿರುವುದು ಆ ಮೊದಲ ಬರಹವೇ. “ಆ ಪೆದ್ದ ಪಂಡಿತ ನಿಮಗೆ ಎಲ್ಲಿ ಸಿಕ್ಕಿದ್ದು?” ಎಂದು ಕೇಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನು ಅವರು ವಿನಯ ಅಂದುಕೊಳ್ಳುತ್ತಾರೆ.